ಎಲೆಕ್ಟ್ರಿಕ್ ಗಿಟಾರಿಗೊಂದು ಪೆಡಲ್

ಸಂಗೀತದಲ್ಲಿ ಕಾಲಿಗೂ ಒಂದು ಕೆಲಸವುಂಟೆಂಬುದು ನಮಗೆ ಹೊಸ ಸಂಗತಿಯೇನಲ್ಲ. ಕಂಪನಿ ನಾಟಕಗಳನ್ನು ನೋಡಿ ಬೆಳೆದವರಿಗೆ, ರಂಗದ ಮುಂದೆ ಕುಳಿತ ಹಾರ್ಮೋನಿಯಂ ಮಾಸ್ತರರು ಕಾಲಿನಿಂದ ತಿದಿಯೊತ್ತುತ್ತ ಎರಡು ಕೈಗಳಿಂದಲೂ ನುಡಿಸುತ್ತಿದ್ದ ಚಿತ್ರ ಕಣ್ಣಿಗೆ ಕಟ್ಟಿರಬೇಕು. ಅಲ್ಲಿ ಕಾಲು ಒದಗಿಸುತ್ತಿದ್ದುದು ಗಾಳಿಯನ್ನು. ಇಂದು ನಮ್ಮ ಊರುಗಳ ತರುಣರು ಎಲೆಕ್ಟ್ರಿಕ್ ಗಿಟಾರನ್ನು ಹೆಗಲಿಗೆ ತೂಗುಹಾಕಿಕೊಂಡು ನಿಂತಾಗ ಅವರ ಕಾಲ ಬಳಿ ನೆಲದ ಮೇಲೆ ಒಂದು ಪುಟ್ಟ ಲೋಹದ ಪೆಟ್ಟಿಗೆಯಿರುತ್ತದೆ. ಅದನ್ನು ಒಮ್ಮೆ ಮೆಟ್ಟಿದರೆ ಅದುವರೆಗೆ ಮೆಲುದನಿಯಲ್ಲಿದ್ದ ವಾದ್ಯ ಗರ್ಜಿಸತೊಡಗುತ್ತದೆ. ಮತ್ತೊಮ್ಮೆ ಮೆಟ್ಟಿದರೆ ಮೊದಲಿನ ಸೌಮ್ಯಕ್ಕೆ ಮರಳುತ್ತದೆ. ಇದಕ್ಕೆ ಎಫೆಕ್ಟ್ಸ್ ಪೆಡಲ್ ಎಂದು ಹೆಸರು. ಕೈಗೆಟಕುವ ಬೆಲೆಯಲ್ಲಿ ಇಂಥದೊಂದನ್ನು ಆರಿಸಿಕೊಳ್ಳುವುದು ಹೇಗೆ ಎಂಬುದೇ ಇಂದಿನ ನನ್ನ ಮಾತಿನ ವಿಷಯ.

ಕನ್ನಡ ಪಾಠ ಹೇಳಿದವನಿಗೆ ಈ ಉಸಾಬರಿ ಏಕೆಂದು ನೀವು ಕೇಳಬಹುದು. ಧ್ವನಿ ಎಂಬ ಮಾತನ್ನು ತರಗತಿಯಲ್ಲಿ ವರ್ಷಗಟ್ಟಲೆ ವಿವರಿಸಿದವನಿಗೆ, ಮನೆಯಲ್ಲೇ ಮೊಮ್ಮಗನೊಬ್ಬ ಇನ್ನೊಂದು ಬಗೆಯ ಧ್ವನಿಯನ್ನು ಎಬ್ಬಿಸತೊಡಗಿದಾಗ ಕಿವಿಮುಚ್ಚಿಕೊಳ್ಳುವುದಕ್ಕಿಂತ ಕಿವಿಗೊಡುವುದು ಮೇಲೆಂದು ತೋರಿತು. ಅಷ್ಟಲ್ಲದೆ ಇಲ್ಲಿ ಸ್ವಲ್ಪ ಹಣದ ಪ್ರಶ್ನೆಯೂ ಉಂಟು. ಮಧ್ಯಮ ವರ್ಗದ ಮನೆಯಲ್ಲಿ ಗಿಟಾರು, ಆಂಪ್ಲಿಫೈಯರು ಎಂದು ಒಮ್ಮೆ ಕೈಬಿಚ್ಚಿ ಖರ್ಚುಮಾಡಿದ ತಂದೆತಾಯಿಯರ ಮುಂದೆ, ಆರು ತಿಂಗಳು ಕಳೆಯುವಷ್ಟರಲ್ಲಿ ಮಗನೋ ಮಗಳೋ ಬಂದು "ಇನ್ನೊಂದು ಪೆಟ್ಟಿಗೆ ಬೇಕು" ಎನ್ನುತ್ತಾರೆ. ಯಾವ ಪೆಟ್ಟಿಗೆ, ಏತಕ್ಕೆ ಎಂದು ತಂದೆತಾಯಿಯರಿಗೆ ಕೇಳಲು ತಿಳಿಯದು. ಮಕ್ಕಳಿಗೆ ಹೇಳಲು ತಿಳಿಯದು. ಕೊನೆಗೆ ಉತ್ತರ ಕೊಡುವವನು ಅಂಗಡಿಯವನು. ಅವನ ಉತ್ತರವಾದರೋ ಬಹುಮಟ್ಟಿಗೆ ಅವನ ಕಪಾಟಿನಲ್ಲಿ ಉಳಿದಿರುವ ಸರಕನ್ನು ಅವಲಂಬಿಸಿರುತ್ತದೆ. ಹೀಗೆ ಕೊಂಡ ಪೆಡಲು ಅಟ್ಟ ಸೇರುವುದಷ್ಟೇ ಅಲ್ಲ, ಎಷ್ಟೋ ಸಲ ಅದರ ಹಿಂದೆಯೇ ಗಿಟಾರೂ ಅಟ್ಟವೇರುತ್ತದೆ. ನಷ್ಟವೆಂದರೆ ಅದು.

ಮೊದಲು ವಾದ್ಯದ ಸ್ವರೂಪವನ್ನು ತಿಳಿಯೋಣ. ವೀಣೆಗೆ ಕೊಡ ಇದ್ದಂತೆ ಸಾಮಾನ್ಯ ಗಿಟಾರಿಗೆ ಟೊಳ್ಳು ಒಡಲಿದೆ. ತಂತಿಯ ಕಂಪನವನ್ನು ಆ ಒಡಲು ಹಿಗ್ಗಿಸುತ್ತದೆ. ಎಲೆಕ್ಟ್ರಿಕ್ ಗಿಟಾರಿನ ಒಡಲು ಸಾಮಾನ್ಯವಾಗಿ ಗಟ್ಟಿ ಮರ. ಅದರ ತಂತಿಗಳ ಕೆಳಗೆ ಪಿಕಪ್ ಎಂಬ ಒಂದು ಅಂಗವಿದೆ. ಅಯಸ್ಕಾಂತದ ಸುತ್ತ ಕೂದಲೆಳೆಯಂಥ ತಾಮ್ರದ ತಂತಿಯನ್ನು ಸಾವಿರಾರು ಸುತ್ತು ಸುತ್ತಿದ ಸುರುಳಿ ಅದು. ಉಕ್ಕಿನ ತಂತಿ ಅದರ ಮೇಲೆ ನಡುಗಿದಾಗ ಸುರುಳಿಯಲ್ಲಿ ಅದೇ ಲಯದಲ್ಲಿ ಅತಿ ಕ್ಷೀಣವಾದ ವಿದ್ಯುತ್ತು ಹುಟ್ಟುತ್ತದೆ. ಅಮೆರಿಕದಲ್ಲಿ ಜಾರ್ಜ್ ಬೋಶಾಂ ಮತ್ತು ಅಡಾಲ್ಫ್ ರಿಕನ್‌ಬ್ಯಾಕರ್ ಎಂಬುವರು 1930ರ ದಶಕದ ಮೊದಲಲ್ಲಿ ಇಂಥ ವಾದ್ಯವನ್ನು ಮಾರುಕಟ್ಟೆಗೆ ತಂದರು. ಬಾಣಲೆಯನ್ನು ಹೋಲುತ್ತಿದ್ದುದರಿಂದ ಜನ ಅದನ್ನು ಬಾಣಲೆಯೆಂದೇ ಕರೆದರು. ನಮ್ಮಲ್ಲಿ ಯು. ಶ್ರೀನಿವಾಸ್ ಅವರು ವಿದ್ಯುತ್ ಮ್ಯಾಂಡೊಲಿನ್ನಿನಲ್ಲಿ ಕರ್ನಾಟಕ ಸಂಗೀತದ ಗಮಕಗಳನ್ನೆಲ್ಲ ನುಡಿಸಿ ತೋರಿಸಿದ ಮೇಲೆ, ಪಿಕಪ್ಪಿನಿಂದ ಹೊರಟದ್ದು ಸಂಗೀತವಲ್ಲವೆಂದು ವಾದಿಸುವವರು ಅಷ್ಟಾಗಿ ಉಳಿದಿಲ್ಲ.

ಈ ಕ್ಷೀಣ ವಿದ್ಯುತ್ತು ಒಂದು ತಂತುವಿನ ಮೂಲಕ ಆಂಪ್ಲಿಫೈಯರಿಗೆ ಹೋಗಿ, ಅಲ್ಲಿ ಬಲಗೊಂಡು, ಸ್ಪೀಕರಿನಲ್ಲಿ ಮತ್ತೆ ನಾದವಾಗುತ್ತದೆ. ಗಿಟಾರಿಗೂ ಆಂಪ್ಲಿಫೈಯರಿಗೂ ನಡುವಣ ಈ ದಾರಿಯಲ್ಲಿ ಕುಳಿತ ಸುಂಕದ ಕಟ್ಟೆಯೇ ಪೆಡಲು. ಹಾದುಹೋಗುವ ಸರಕನ್ನು ಅದು ತನಗೆ ಬೇಕಾದಂತೆ ತಿದ್ದಿ ಕಳಿಸುತ್ತದೆ. ತಿದ್ದುವ ಬಗೆಗಳು ನೂರಾರು ಇದ್ದರೂ ಹೊಸಬನಿಗೆ ಮುಖ್ಯವಾದವು ಎರಡೇ: ನಾದವನ್ನು ಒರಟಾಗಿಸುವುದು ಒಂದು, ನಾದವನ್ನು ಮರುಕಳಿಸುವುದು ಇನ್ನೊಂದು.

ಒರಟಾಗಿಸುವುದರ ಕಥೆ ಸ್ವಾರಸ್ಯವಾಗಿದೆ. 1961ರಲ್ಲಿ ಅಮೆರಿಕದ ಮಾರ್ಟಿ ರಾಬಿನ್ಸ್ ಎಂಬ ಗಾಯಕನ ಒಂದು ಧ್ವನಿಮುದ್ರಿಕೆ ಹೊರಬಂತು. ನ್ಯಾಶ್‌ವಿಲ್ ನಗರದಲ್ಲಿ ಅದನ್ನು ಮುದ್ರಿಸುವಾಗ ಉಪಕರಣದ ಒಂದು ಭಾಗ ಕೆಟ್ಟು, ಗ್ರೇಡಿ ಮಾರ್ಟಿನ್ ನುಡಿಸಿದ ಗಿಟಾರಿನ ಸ್ವರ ದುಂಬಿಯ ಗುಂಯ್‌ಗಾರದಂತೆ ಹರಿದುಬಂತು. ಬೇರೆ ಯಾರಾದರೂ ಆಗಿದ್ದರೆ ಅದನ್ನು ಅಳಿಸಿ ಮತ್ತೆ ಮುದ್ರಿಸುತ್ತಿದ್ದರು. ಅಲ್ಲಿದ್ದವರು ಅದನ್ನು ಹಾಗೆಯೇ ಉಳಿಸಿಕೊಂಡರು. ಮುದ್ರಣ ಮಾಡಿದ ಎಂಜಿನಿಯರು ಗ್ಲೆನ್ ಸ್ನಾಡಿ ಆ ದೋಷವನ್ನೇ ಬೇಕೆಂದಾಗ ಹುಟ್ಟಿಸುವ ಒಂದು ಪುಟ್ಟ ಮಂಡಲವನ್ನು ಟ್ರಾನ್ಸಿಸ್ಟರುಗಳಿಂದ ರಚಿಸಿದ. 1962ರಲ್ಲಿ ಗಿಬ್ಸನ್ ಕಂಪನಿ ಅದನ್ನು ಮ್ಯಾಸ್ಟ್ರೊ ಫಜ್‌ಟೋನ್ ಎಂಬ ಹೆಸರಿನಲ್ಲಿ ಮಾರಾಟಕ್ಕಿಟ್ಟಿತು. ಕಹಳೆ, ಚೆಲ್ಲೊ ಮುಂತಾದ ವಾದ್ಯಗಳನ್ನು ಅನುಕರಿಸಬಹುದೆಂದು ಜಾಹೀರಾತು ಕೊಟ್ಟರೂ ಕೊಳ್ಳುವವರು ಹೆಚ್ಚು ಮಂದಿ ಇರಲಿಲ್ಲ. ಮೂರು ವರ್ಷಗಳ ಮೇಲೆ, 1965ರಲ್ಲಿ, ರೋಲಿಂಗ್ ಸ್ಟೋನ್ಸ್ ತಂಡದ ಕೀತ್ ರಿಚರ್ಡ್ಸ್ ತನ್ನ ಒಂದು ಹಾಡಿಗೆ ಕಹಳೆಗಳು ಬರಬೇಕಾದ ಜಾಗವನ್ನು ಗುರುತಿಸಿಕೊಳ್ಳುವುದಕ್ಕಷ್ಟೇ ಈ ಪೆಡಲನ್ನು ಮೆಟ್ಟಿದ. ಕಹಳೆಗಳು ಬರಲೇ ಇಲ್ಲ. ಗುರುತಿಗೆ ನಿಂತದ್ದೇ ಹಾಡಿನ ಮುಖವಾಯಿತು. ಅಂಗಡಿಗಳಲ್ಲಿ ಮ್ಯಾಸ್ಟ್ರೊ ಪೆಟ್ಟಿಗೆಗಳು ಖಾಲಿಯಾದವು. ಅಷ್ಟರೊಳಗೆ ಇಂಗ್ಲೆಂಡಿನ ಡೇವ್ ಡೇವಿಸ್ ಎಂಬ ಹುಡುಗ ಇದೇ ನಾದಕ್ಕಾಗಿ ತನ್ನ ಸ್ಪೀಕರಿನ ಕಾಗದವನ್ನು ಬ್ಲೇಡಿನಿಂದ ಸೀಳಿಯೂ ಆಗಿತ್ತು. ಪೆಡಲಿನ ಮೇಲೆ ಹಣ ಸುರಿಯಬೇಕೆಂಬ ನಿಯಮವೇನೂ ಇಲ್ಲ ಎಂಬುದಕ್ಕೆ ಇದೊಂದು ನಿದರ್ಶನ, ಆದರೆ ಅನುಕರಣೀಯವಲ್ಲ.

ಕೆಟ್ಟ ಸ್ವರವನ್ನು ಮೆಚ್ಚುವುದೆಂದರೇನು ಎಂದು ಹಿರಿಯರು ಹುಬ್ಬೇರಿಸಬೇಕಾಗಿಲ್ಲ. ನಮ್ಮ ತಂಬೂರಿಯನ್ನು ನೆನೆದುಕೊಳ್ಳಿ. ಅದರ ಕುದುರೆಗೂ ತಂತಿಗೂ ನಡುವೆ ಒಂದು ನೂಲೆಳೆಯನ್ನು ಇಟ್ಟು ಜೀವ ಕೂಡಿಸುತ್ತೇವೆ; ಹಿಂದೂಸ್ತಾನಿಯವರು ಜವಾರಿ ಎನ್ನುವುದು ಇದರ ಸೊಗಸನ್ನೇ. ಆ ಎಳೆಯಿಲ್ಲದಿದ್ದರೆ ತಂತಿಯ ದನಿ ಶುದ್ಧವಾಗಿರುತ್ತದೆ, ಆದರೆ ಬಡವಾಗಿರುತ್ತದೆ. ಎಳೆಯಿಟ್ಟೊಡನೆ ಜುಮ್ಮೆನ್ನುವ ಝೇಂಕಾರ ಹುಟ್ಟಿ, ನಾವು ಮೀಟದೆ ಇರುವ ಗಾಂಧಾರವೂ ಅದರಲ್ಲಿ ಕೇಳಿಸುತ್ತದೆ. ಸಂಗೀತಶಾಸ್ತ್ರ ಅವನ್ನು ಸ್ವಯಂಭೂ ಸ್ವರಗಳೆಂದು ಕರೆದಿದೆ. ಗಿಟಾರಿನ ಪೆಡಲು ಇದೇ ಫಲವನ್ನು ಬೇರೆ ದಾರಿಯಿಂದ ಪಡೆಯುತ್ತದೆ. ವಿದ್ಯುತ್ತಿನ ಅಲೆಯನ್ನು ಮಿತಿಮೀರಿ ಹಿಗ್ಗಿಸಿ, ಅದರ ನೆತ್ತಿಯನ್ನೂ ತಳವನ್ನೂ ಡಯೋಡುಗಳೆಂಬ ಬಿಡಿಭಾಗಗಳಿಂದ ಕತ್ತರಿಸುತ್ತದೆ. ಹೀಗೆ ಕತ್ತರಿಸಿದ ಅಲೆಯಲ್ಲಿ ಮೂಲಸ್ವರದೊಂದಿಗೆ ಅದರ ಎರಡರಷ್ಟು, ಮೂರರಷ್ಟು, ಐದರಷ್ಟು ಕಂಪನಗಳ ಸ್ವರಗಳು ಹೊಸದಾಗಿ ಸೇರಿಕೊಳ್ಳುತ್ತವೆ. ಅಲೆಯ ತಲೆಯನ್ನು ಮೃದುವಾಗಿ ಸವರಿದರೆ ಓವರ್‌ಡ್ರೈವ್, ಚಪ್ಪಟೆಯಾಗಿ ಕತ್ತರಿಸಿದರೆ ಡಿಸ್ಟಾರ್ಷನ್, ಹೆಚ್ಚುಕಡಿಮೆ ಚೌಕವಾಗುವಂತೆ ಕಡಿದುಹಾಕಿದರೆ ಫಜ್ ಎಂದು ಸ್ಥೂಲವಾಗಿ ಹೇಳಬಹುದು. ಮೂರೂ ಒಂದೇ ಧಾತುವಿನ ಪ್ರಯೋಗಗಳು.

ಇಲ್ಲಿಯೇ ಒಂದು ಮಾತು. ಒರಟುನಾದದಲ್ಲಿ ನುಡಿಸುವ ಗಿಟಾರುವಾದಕರು ಮೂರು ನಾಲ್ಕು ಸ್ವರಗಳ ಮೇಳವನ್ನು ಬಿಟ್ಟು ಬರಿಯ ಎರಡು ಸ್ವರಗಳನ್ನು ಜೊತೆಗೂಡಿಸಿ ನುಡಿಸುವುದನ್ನು ನೀವು ಕೇಳಿರಬಹುದು. ಆ ಎರಡು ಸ್ವರಗಳು ಷಡ್ಜ ಮತ್ತು ಪಂಚಮ, ಎಂದರೆ ನಮ್ಮ ತಂಬೂರಿಯವೇ. ಅವುಗಳ ಕಂಪನಗಳ ಪ್ರಮಾಣ ಎರಡಕ್ಕೆ ಮೂರು. ಅಲೆಗಳನ್ನು ಕತ್ತರಿಸುವಾಗ ಎರಡು ಸ್ವರಗಳ ಮೊತ್ತ ಮತ್ತು ವ್ಯತ್ಯಾಸಗಳೂ ಹೊಸ ಸ್ವರಗಳಾಗಿ ಹುಟ್ಟುತ್ತವೆ. ಸ-ಪಗಳ ನಡುವೆ ಹುಟ್ಟುವ ವ್ಯತ್ಯಾಸ ಕೆಳಗಿನ ಸ್ಥಾಯಿಯ ಷಡ್ಜವೇ ಆದ್ದರಿಂದ ಮನೆಯೊಳಗೆ ಜಗಳವಿಲ್ಲ. ಗಾಂಧಾರ ಸೇರಿದೊಡನೆ ಗೊಂದಲ ಆರಂಭ. ಗಿಟಾರಿನ ಮೆಟ್ಟಿಲುಗಳನ್ನು ಸ್ಥಾಯಿಯನ್ನು ಹನ್ನೆರಡು ಸಮಪಾಲು ಮಾಡಿ ಇಟ್ಟಿರುತ್ತಾರೆ. ಆ ವಿಂಗಡಣೆಯಲ್ಲಿ ಪಂಚಮ ಬಹುತೇಕ ಶುದ್ಧವಾಗಿಯೇ ಉಳಿಯುತ್ತದೆ. ಗಾಂಧಾರ ಮಾತ್ರ ಶುದ್ಧ ಸ್ಥಾನಕ್ಕಿಂತ ತುಸು ಏರಿರುತ್ತದೆ. ಸೌಮ್ಯ ನಾದದಲ್ಲಿ ಕಿವಿ ಇದನ್ನು ಕ್ಷಮಿಸುತ್ತದೆ. ಡಿಸ್ಟಾರ್ಷನ್ ಕ್ಷಮಿಸುವುದಿಲ್ಲ. ಆದ್ದರಿಂದ ಅಂಗಡಿಯಲ್ಲಿ ಒಂದು ಪೆಡಲನ್ನು ಪರೀಕ್ಷಿಸುವಾಗ ಮೂರು ಸ್ವರಗಳ ಮೇಳವೊಂದನ್ನು ನುಡಿಸಿ, ಅದರೊಳಗಿನ ಪ್ರತಿಯೊಂದು ಸ್ವರವೂ ಬೇರೆಬೇರೆಯಾಗಿ ಕೇಳಿಸುತ್ತದೆಯೇ ಎಂದು ಗಮನಿಸಬೇಕು. ಅಲ್ಪಸ್ವಲ್ಪ ಒರಟುತನದಲ್ಲಿಯೇ ಎಲ್ಲವೂ ಕಲಸಿ ಮೇಲೋಗರವಾದರೆ ಅದನ್ನು ಅಲ್ಲಿಯೇ ಬಿಟ್ಟುಬರುವುದು ಲೇಸು.

ಇನ್ನು ಮರುಕಳಿಸುವ ಪೆಡಲುಗಳು. ಆನಂದವರ್ಧನನು ವ್ಯಂಗ್ಯಾರ್ಥದ ಒಂದು ಬಗೆಯನ್ನು ವಿವರಿಸುವಾಗ ಗಂಟೆಯ ಅನುರಣನವನ್ನು ಹೋಲಿಕೆಯಾಗಿ ತಂದನೆಂಬುದು ಸಾಹಿತ್ಯ ವಿದ್ಯಾರ್ಥಿಗಳಿಗೆ ತಿಳಿದದ್ದೇ. ಗಂಟೆ ಹೊಡೆದ ಪೆಟ್ಟು ನಿಂತರೂ ನಾದ ನಿಲ್ಲದು. ಗಿಟಾರಿನವರು ರಿವರ್ಬ್ ಎನ್ನುವುದು ಇಂಥ ಅನುರಣನವನ್ನೇ. ಖಾಲಿ ಕಲ್ಯಾಣ ಮಂಟಪದಲ್ಲಿ ಚಪ್ಪಾಳೆ ತಟ್ಟಿದಾಗ ನಾಲ್ಕು ಗೋಡೆಗಳಿಂದಲೂ ಮರಳಿ ಬೆರೆತುಹೋಗುವ ದನಿ ಅದು. ಡಿಲೇ ಎನ್ನುವುದು ಬೇರೆ. ವಿಜಯಪುರದ ಗೋಲಗುಮ್ಮಟದ ಪಿಸುದನಿಯ ಮೊಗಸಾಲೆಯಲ್ಲಿ ಒಮ್ಮೆ ಕೂಗಿದರೆ ಅದೇ ಕೂಗು ಬಿಡಿಬಿಡಿಯಾಗಿ ಮತ್ತೆ ಮತ್ತೆ ಬರುವುದಲ್ಲ, ಅದು ಡಿಲೇ. ಸೆಕೆಂಡಿಗೆ ಸುಮಾರು 340 ಮೀಟರ್ ಚಲಿಸುವ ಶಬ್ದ 17 ಮೀಟರ್ ದೂರದ ಗೋಡೆಗೆ ಹೋಗಿ ಬರಲು ಸೆಕೆಂಡಿನ ಹತ್ತನೆಯ ಒಂದು ಭಾಗ, ಎಂದರೆ 100 ಮಿಲಿಸೆಕೆಂಡು ಹಿಡಿಯುತ್ತದೆ. ಪೆಡಲಿನ ಮೇಲೆ ಬರೆದಿರುವ ಮಿಲಿಸೆಕೆಂಡುಗಳನ್ನು ಹೀಗೆ ಗೋಡೆಯ ದೂರವಾಗಿ ಊಹಿಸಿಕೊಂಡರೆ ಆ ಅಂಕಿಗಳು ಭಯಪಡಿಸುವುದಿಲ್ಲ.

ಗೋಡೆಯಿಲ್ಲದೆ ಪ್ರತಿಧ್ವನಿಯನ್ನು ಹುಟ್ಟಿಸಲು ಮೊದಲು ಟೇಪನ್ನು ಬಳಸಿದರು. ಒಂದು ಕಡೆ ಮುದ್ರಿಸಿದ ದನಿಯನ್ನು ತುಸು ಮುಂದೆ ಇನ್ನೊಂದು ತಲೆ ಓದುತ್ತಿತ್ತು. ಅದು ಭಾರವಾದ ಯಂತ್ರ, ಟೇಪು ಸವೆಯುವ ಕಾಟ ಬೇರೆ. 1969ರಲ್ಲಿ ಫಿಲಿಪ್ಸ್ ಕಂಪನಿಯ ಇಬ್ಬರು ಸಂಶೋಧಕರು ಒಂದು ಸೊಗಸಾದ ಉಪಾಯವನ್ನು ಕಂಡುಹಿಡಿದರು. ಬೆಂಕಿ ಬಿದ್ದ ಮನೆಗೆ ಬಾವಿಯಿಂದ ಸಾಲಾಗಿ ನಿಂತ ಜನ ಕೈಯಿಂದ ಕೈಗೆ ಬಕೆಟ್ಟುಗಳನ್ನು ದಾಟಿಸುವುದಿಲ್ಲವೆ, ಹಾಗೆ ಸಾವಿರಾರು ಪುಟ್ಟ ಧಾರಕಗಳು ವಿದ್ಯುತ್ತಿನ ಒಂದೊಂದು ಗುಟುಕನ್ನು ಒಂದರಿಂದ ಒಂದಕ್ಕೆ ದಾಟಿಸುತ್ತ ಹೋಗುವುದು. ಕೊನೆಯವನ ಕೈ ಸೇರುವಷ್ಟರಲ್ಲಿ ತಡವಾಗಿರುತ್ತದೆ. ಆ ತಡವೇ ಪ್ರತಿಧ್ವನಿ. ದಾರಿಯಲ್ಲಿ ತುಸು ನೀರು ತುಳುಕುವಂತೆ ದನಿಯ ಹೊಳಪೂ ತುಸು ಮಾಸುತ್ತದೆ, ಮಾಸಿದ್ದೇ ಇಂಪೆಂದು ಹೇಳುವ ರಸಿಕರಿದ್ದಾರೆ. ಜಪಾನಿನ ಬಾಸ್ ಕಂಪನಿ 1981ರಲ್ಲಿ ಈ ತತ್ತ್ವದ ಡಿ.ಎಂ.-2 ಎಂಬ ಪೆಡಲನ್ನು ತಂದಾಗ ಅದರ ಗರಿಷ್ಠ ತಡ 300 ಮಿಲಿಸೆಕೆಂಡು. ಎರಡೇ ವರ್ಷದಲ್ಲಿ, 1983ರಲ್ಲಿ, ದನಿಯನ್ನು ಅಂಕಿಗಳಾಗಿ ಮಾಡಿ ನೆನಪಿನಲ್ಲಿಟ್ಟುಕೊಳ್ಳುವ ಡಿ.ಡಿ.-2 ಬಂತು, ಅದು 800 ಮಿಲಿಸೆಕೆಂಡಿನವರೆಗೆ ಹೋಗುತ್ತಿತ್ತು. ಇಂದಿನ ಅಗ್ಗದ ಡಿಲೇ ಪೆಡಲುಗಳಲ್ಲಿ ಹಲವಕ್ಕೆ ಕ್ಯಾರಿಯೋಕೆ ಯಂತ್ರಗಳಿಗೆಂದು ತೈವಾನಿನಲ್ಲಿ ತಯಾರಾದ ಪಿ.ಟಿ. 2399 ಎಂಬ ಚಿಪ್ಪೇ ಆಧಾರ. ತಡ ಕಡಿಮೆಯಿರುವವರೆಗೆ ಅದು ಚೆನ್ನಾಗಿಯೇ ದುಡಿಯುತ್ತದೆ, ತಡವನ್ನು ಎಳೆದಷ್ಟೂ ಮರಳಿನ ಮೊರೆತದಂಥ ಸದ್ದು ಸೇರುತ್ತದೆ. ಹಾಗಾಗಿ ಅಗ್ಗದ ಡಿಲೇಯನ್ನು ಕೊಳ್ಳುವ ಮೊದಲು ಅದರ ತಡದ ತಿರುಪನ್ನು ಕೊನೆಯವರೆಗೂ ತಿರುಗಿಸಿ ಕೇಳುವುದು ಅವಶ್ಯ.

ಈಗ ನಾವು ನೋಡುವ ಪುಟ್ಟ ಪೆಡಲಿನ ಆಕಾರ 1977ರಷ್ಟು ಹಳೆಯದು. ಆ ವರ್ಷ ಬಾಸ್ ಕಂಪನಿ ಹೊರತಂದ ಪೆಟ್ಟಿಗೆಗಳು ಅಂಗೈಯಲ್ಲಿ ಹಿಡಿಯುವಂತಿದ್ದವು. ಮೇಲ್ಭಾಗದಲ್ಲಿ ತಗ್ಗಿನಲ್ಲಿಟ್ಟ ತಿರುಪುಗಳು, ಕೆಳಭಾಗ ಪೂರ್ತಿ ಮೆಟ್ಟುವ ಹಲಗೆ, ಅದರಡಿ ಬ್ಯಾಟರಿ. ಅಗಲ 73 ಮಿಲಿಮೀಟರು, ಉದ್ದ 129. ಇಂದಿಗೂ ಆ ಅಳತೆ ಬದಲಾಗಿಲ್ಲ. ಗಿಟಾರಿನ ತಂತುವನ್ನು ಬಲಗಡೆ ಸೇರಿಸಬೇಕು, ಆಂಪ್ಲಿಫೈಯರಿನದು ಎಡಗಡೆ. ಎಂದರೆ ಉರ್ದು ಬರವಣಿಗೆಯಂತೆ ನಾದ ಬಲದಿಂದ ಎಡಕ್ಕೆ ಸಾಗುತ್ತದೆ. ಆ ಸಾಲಿನ ಕಿತ್ತಳೆ ಬಣ್ಣದ ಡಿ.ಎಸ್.-1 ಡಿಸ್ಟಾರ್ಷನ್ 1978ರಲ್ಲಿ ಹುಟ್ಟಿ ಇಂದಿಗೂ ತಯಾರಾಗುತ್ತಿದೆ. ಹೊಸಬರು ಕೊಳ್ಳುವುದೂ ಅದನ್ನೇ. ನಿರ್ವಾಣ ತಂಡದ ಕರ್ಟ್ ಕೊಬೇನ್ ನುಡಿಸಿದ್ದೂ ಅದನ್ನೇ. ಇನ್ನೊಂದು ಪ್ರಸಿದ್ಧ ಪೆಡಲು ಐಬನೆಜ್ ಕಂಪನಿಯ ಹಸಿರು ಬಣ್ಣದ ಟ್ಯೂಬ್ ಸ್ಕ್ರೀಮರ್. ಅದು ಓವರ್‌ಡ್ರೈವ್ ಜಾತಿಯದು. ಕೆಳಗಿನ ಮಂದ್ರವನ್ನು ಹೆಚ್ಚು ಕತ್ತರಿಸದೆ, ಸುಮಾರು 700 ಹರ್ಟ್ಸಿನಿಂದ ಮೇಲಿನದನ್ನು ಮುಂದಕ್ಕೆ ತರುವುದು ಅದರ ಗುಣ. ಮೃದಂಗ, ಡ್ರಮ್ಮುಗಳ ನಡುವೆಯೂ ಗಿಟಾರು ಅಡಗಿಹೋಗದೆ ಕೇಳಿಸುವುದು ಇದರಿಂದಲೇ.

ಹಳೆಯ ಈ ಮಂಡಲಗಳಲ್ಲಿ ಗುಟ್ಟೇನೂ ಉಳಿದಿಲ್ಲ. ಚೀನಾದ ಮೂರ್, ಜೋಯೊ, ಡಾನರ್ ಮೊದಲಾದ ಕಂಪನಿಗಳು ಅವನ್ನು ಪ್ರತಿಮಾಡಿ ಬೆಂಕಿಪೊಟ್ಟಣದ ಅಣ್ಣನಂಥ ಪೆಟ್ಟಿಗೆಗಳಲ್ಲಿ ತುಂಬಿ ಎರಡು ಮೂರು ಸಾವಿರ ರೂಪಾಯಿಗಳ ಆಸುಪಾಸಿನಲ್ಲಿ ಮಾರುತ್ತವೆ. ಬೆರಿಂಗರ್ ಕಂಪನಿಯದು ಅಗ್ಗದ ಪ್ಲಾಸ್ಟಿಕ್ಕಿನ ಮೈ. ಹೆಸರಾಂತ ಜಪಾನೀ ಪೆಡಲುಗಳ ಬೆಲೆ ಇದರ ಎರಡು ಪಟ್ಟೋ ಮೂರು ಪಟ್ಟೋ ಇರುತ್ತದೆ. ಮೂಲ ಉತ್ತಮ, ಪ್ರತಿ ಅಧಮ ಎಂದು ಒಂದೇ ಮಾತಿನಲ್ಲಿ ತೀರ್ಪು ಕೊಡುವವರನ್ನು ನಾನು ಒಪ್ಪಲಾರೆ. ಗ್ರಂಥಸಂಪಾದನೆ ಮಾಡಿದವರಿಗೆ ಗೊತ್ತು: ಓಲೆಗರಿಯ ಪ್ರತಿಗಳಲ್ಲಿ ಕೆಲವು ಲಿಪಿಕಾರನ ಅಜ್ಞಾನದಿಂದ ಕೆಟ್ಟಿರುತ್ತವೆ, ಇನ್ನು ಕೆಲವು ಮಾತೃಕೆಯ ದೋಷವನ್ನು ತಿದ್ದಿಕೊಂಡೂ ಇರುತ್ತವೆ. ಪೆಡಲುಗಳ ವಿಷಯವೂ ಹಾಗೆಯೇ. ಹಳೆಯ ಟ್ಯೂಬ್ ಸ್ಕ್ರೀಮರಿನಲ್ಲಿದ್ದ 4558 ಎಂಬ ಚಿಪ್ಪಿನಲ್ಲಿಯೇ ಮಾಯೆಯಿದೆಯೆಂದು ನಂಬಿ ಅದಕ್ಕಾಗಿ ಹೆಚ್ಚು ಬೆಲೆ ತೆರುವವರುಂಟು. ನಾದದ ಬಣ್ಣವನ್ನು ಬಹುಪಾಲು ನಿರ್ಧರಿಸುವುದು ಅದರ ಸುತ್ತಲಿನ ಸಣ್ಣಪುಟ್ಟ ಧಾರಕಗಳು, ಡಯೋಡುಗಳು. ಅವುಗಳ ಬೆಲೆ ಕಾಸಿನದು. ಅಗ್ಗದ ಪೆಡಲಿನಲ್ಲಿ ಮೊದಲು ಸೋಲುವುದು ನಾದವಲ್ಲ. ಮೆಟ್ಟುವ ಸ್ವಿಚ್ಚು, ತಂತು ಸೇರಿಸುವ ರಂಧ್ರ, ತಿರುಪು, ಇವು ಸೋಲುತ್ತವೆ. ಮನೆಯಲ್ಲಿ ಕುಳಿತು ಅಭ್ಯಾಸ ಮಾಡುವವನಿಗೆ ಅಗ್ಗದ್ದು ಧಾರಾಳವಾಗಿ ಸಾಕು. ಗಣೇಶೋತ್ಸವದ ವೇದಿಕೆಗಳಲ್ಲಿ ಬೂಟುಗಾಲಿನಿಂದ ಮೆಟ್ಟುವವನು ಗಟ್ಟಿ ಲೋಹದ ಪೆಟ್ಟಿಗೆಗೆ ಇನ್ನಷ್ಟು ಹಣ ಕೊಡುವುದೇ ಉಳಿತಾಯ.

ಹಾಗಾದರೆ ಮೊದಲು ಕೊಳ್ಳಬೇಕಾದದ್ದು ಯಾವುದು? ಮನೆಯಲ್ಲಿರುವ ಆಂಪ್ಲಿಫೈಯರನ್ನು ಮೊದಲು ನೋಡಿ. ಇಂದಿನ ಸಣ್ಣ ಅಭ್ಯಾಸದ ಆಂಪ್ಲಿಫೈಯರುಗಳಲ್ಲಿ ಗೇನ್ ಎಂಬ ತಿರುಪೊಂದು ಇರುವುದುಂಟು. ಅದು ಒರಟುನಾದವನ್ನು ತಾನೇ ಕೊಡುತ್ತದೆ. ಅದಿರುವಾಗ ಡಿಸ್ಟಾರ್ಷನ್ ಕೊಳ್ಳುವುದು ಸಾರಿಗೆ ಇನ್ನೊಮ್ಮೆ ಉಪ್ಪು ಹಾಕಿದಂತೆ. ಅಂಥವರು ಡಿಲೇಯನ್ನು ಕೊಳ್ಳಲಿ. ಆಂಪ್ಲಿಫೈಯರು ಶುದ್ಧನಾದದ್ದಾದರೆ ಓವರ್‌ಡ್ರೈವ್ ಮೊದಲನೆಯದಾಗಲಿ. ಗಿಟಾರಿನ ಮೇಲಿರುವ ವಾಲ್ಯೂಮ್ ತಿರುಪನ್ನು ಇಳಿಸಿದರೆ ಅದು ಸೌಮ್ಯವಾಗುತ್ತದೆ, ಏರಿಸಿದರೆ ಕೆರಳುತ್ತದೆ; ಬೆರಳಿನ ಬಲವನ್ನು ಅನುಸರಿಸುತ್ತದೆ. ಕಲಿಯುವವನಿಗೆ ಇದಕ್ಕಿಂತ ಒಳ್ಳೆಯ ಉಪಾಧ್ಯಾಯನಿಲ್ಲ. ಕಡು ಡಿಸ್ಟಾರ್ಷನ್ ಹಾಗಲ್ಲ, ಅದು ಬೆರಳಿನ ತಪ್ಪುಗಳನ್ನೆಲ್ಲ ಮುಚ್ಚಿ ಹುಡುಗನನ್ನು ಹೊಗಳುತ್ತದೆ. ವಾಹ್, ಕೋರಸ್, ಫೇಸರ್ ಎಂಬ ಉಳಿದವೆಲ್ಲ ಸೊಗಸಾದವೇ, ಆದರೆ ಊಟದ ಎಲೆಯಲ್ಲಿ ಉಪ್ಪಿನಕಾಯಿಯ ಸ್ಥಾನ ಅವುಗಳದು. ಆಂಪ್ಲಿಫೈಯರೇ ಇಲ್ಲದೆ ಫ್ಲಾಟಿನಲ್ಲಿ ರಾತ್ರಿ ಹೊತ್ತು ಹೆಡ್‌ಫೋನಿನಲ್ಲಿ ನುಡಿಸುವವರಿಗೆ ಬಿಡಿ ಪೆಡಲು ಸಲ್ಲದು. ಪೆಡಲಿನಿಂದ ಹೊರಟ ಒರಟುನಾದ ಗಿಟಾರಿನ ಸ್ಪೀಕರಿನಲ್ಲಿ ಪಳಗದೆ ನೇರವಾಗಿ ಕಿವಿಗೆ ಬಂದರೆ ಜೇನುನೊಣ ಕಿವಿ ಹೊಕ್ಕಂತಾಗುತ್ತದೆ. ಅವರು ಅಷ್ಟೇ ಹಣಕ್ಕೆ ಇನ್ನು ಸ್ವಲ್ಪ ಕೂಡಿಸಿ, ಆಂಪ್ಲಿಫೈಯರಿನ ಅನುಕರಣೆಯನ್ನೂ ಒಳಗೊಂಡ ಮಲ್ಟಿ ಎಫೆಕ್ಟ್ಸ್ ಎಂಬ ಕೂಡುಪೆಟ್ಟಿಗೆಯನ್ನು ಕೊಳ್ಳುವುದು ವಿಹಿತ.

ಅಂಗಡಿಗೆ ಹೋಗುವಾಗ ತಮ್ಮ ಗಿಟಾರನ್ನು ಜೊತೆಗೆ ಒಯ್ಯಬೇಕು. ಅಲ್ಲಿ ಗೋಡೆಗೆ ತೂಗಿರುವ ಲಕ್ಷ ರೂಪಾಯಿಯ ಗಿಟಾರಿನಲ್ಲಿ ಯಾವ ಪೆಡಲೂ ಇಂಪಾಗಿಯೇ ಕೇಳಿಸುತ್ತದೆ. ಮೊದಲು ಏನನ್ನೂ ನುಡಿಸದೆ ಪೆಡಲನ್ನು ಮೆಟ್ಟಿ ಸುಮ್ಮನೆ ನಿಲ್ಲಿ. ಆ ಮೌನದಲ್ಲಿ ಎಷ್ಟು ಸದ್ದಿದೆ? ಬಳಿಕ ಎಲ್ಲ ತಿರುಪುಗಳನ್ನೂ ಮಧ್ಯಕ್ಕೆ ತಂದು ಒಂದೇ ಸ್ವರವನ್ನು ಮೀಟಿ ಅದು ಸಾಯುವವರೆಗೆ ಕೇಳಿ. ಹರಿದು ತುಂಡಾಗದೆ ಮೆಲ್ಲಗೆ ಅಡಗಬೇಕು. ಮೆಟ್ಟದೆ ಇದ್ದಾಗ ಗಿಟಾರಿನ ಸಹಜನಾದ ಮಂಕಾಗುತ್ತದೆಯೇ ಎಂಬುದನ್ನೂ ನೋಡಬೇಕು. ಇಲ್ಲಿ ಎರಡು ಪಂಥಗಳಿವೆ. ಟ್ರೂ ಬೈಪಾಸ್ ಎಂಬ ಪೆಡಲು ತಾನು ಸುಮ್ಮನಿರುವಾಗ ದಾರಿಯಿಂದ ಪೂರ್ತಿ ಸರಿದು ನಿಲ್ಲುತ್ತದೆ. ಬಫರ್ ಇರುವುದು ಆಗಲೂ ನಾದಕ್ಕೆ ತುಸು ಆಸರೆ ಕೊಡುತ್ತದೆ. ಉದ್ದವಾದ ತಂತು ಗಿಟಾರಿನ ಮೇಲುಸ್ವರಗಳ ಹೊಳಪನ್ನು ನುಂಗುವುದರಿಂದ, ಹತ್ತಾರು ಮೀಟರು ತಂತು ಎಳೆಯುವವರಿಗೆ ಎಲ್ಲಿಯಾದರೂ ಒಂದು ಬಫರ್ ಇರುವುದು ಒಳ್ಳೆಯದು. ಒಂದೇ ಪೆಡಲಿಟ್ಟುಕೊಂಡು ಕೋಣೆಯಲ್ಲಿ ನುಡಿಸುವವನು ಈ ಪಂಥಗಳ ವಾಗ್ವಾದಕ್ಕೆ ತಲೆಕೆಡಿಸಿಕೊಳ್ಳಬೇಕಾಗಿಲ್ಲ. ಎರಡು ಪೆಡಲುಗಳಾದರೆ ಒರಟಿನದು ಮೊದಲು, ಮರುದನಿಯದು ಆಮೇಲೆ. ಕ್ರಮ ತಿರುಗಿಸಿದರೆ ಪ್ರತಿಧ್ವನಿಗಳೆಲ್ಲ ಒಟ್ಟಾಗಿ ಕತ್ತರಿಗೆ ಸಿಕ್ಕಿ ಕೆಸರಾಗುತ್ತವೆ.

ಹೆಚ್ಚು ಪೆಡಲುಗಳು ಕೆಡುವುದು ನುಡಿಸುವಾಗ ಅಲ್ಲ, ವಿದ್ಯುತ್ತು ಕೊಡುವಾಗ. ಬಹುಪಾಲು ಪೆಡಲುಗಳಿಗೆ ಬೇಕಾದದ್ದು 9 ವೋಲ್ಟು, ಮತ್ತು ಅಡಾಪ್ಟರಿನ ಪಿನ್ನಿನ ನಡುಭಾಗ ಋಣವಾಗಿರಬೇಕು. ಮನೆಯಲ್ಲಿ ಬಿದ್ದಿರುವ ಬೇರೆ ಅಡಾಪ್ಟರುಗಳಲ್ಲಿ ಸಾಮಾನ್ಯವಾಗಿ ನಡುಭಾಗ ಧನ; ಅವು ರಂಧ್ರದಲ್ಲಿ ಸರಿಯಾಗಿಯೇ ಕೂರುತ್ತವೆ, ಅದೇ ಅಪಾಯ. ಎರಡರ ಮೇಲೆಯೂ ವೃತ್ತದ ನಡುವೆ ಚುಕ್ಕೆಯಿಟ್ಟ ಚಿಹ್ನೆಯನ್ನು ಹೋಲಿಸಿ ನೋಡದೆ ಸೇರಿಸಬಾರದು. ಪುಟ್ಟ ಚೀನೀ ಪೆಡಲುಗಳಲ್ಲಿ ಬ್ಯಾಟರಿಗೆ ಜಾಗವೇ ಇರುವುದಿಲ್ಲವಾದ್ದರಿಂದ ಅಡಾಪ್ಟರಿನ ಬೆಲೆಯನ್ನೂ ಮೊದಲೇ ಲೆಕ್ಕಕ್ಕೆ ಹಿಡಿಯಿರಿ. ಬ್ಯಾಟರಿಯ ಲೆಕ್ಕ ಸುಲಭ: ಒಳ್ಳೆಯ 9 ವೋಲ್ಟಿನ ಆಲ್ಕಲೈನ್ ಬ್ಯಾಟರಿಯಲ್ಲಿ ಸುಮಾರು 500 ಮಿಲಿಆಂಪಿಯರ್-ಗಂಟೆಗಳ ಶಕ್ತಿಯಿದೆ. 10 ಮಿಲಿಆಂಪಿಯರ್ ಕುಡಿಯುವ ಓವರ್‌ಡ್ರೈವಿಗೆ ಅದು ಐವತ್ತು ಗಂಟೆ ಬಂದರೆ, 100 ಮಿಲಿಆಂಪಿಯರ್ ಕುಡಿಯುವ ಡಿಜಿಟಲ್ ಡಿಲೇಗೆ ಐದು ಗಂಟೆಯೂ ಸಾಲದು.

ಗುಂಯ್ ಎಂಬ ಹಿನ್ನೆಲೆ ಸದ್ದಿಗೆ ಪೆಡಲನ್ನೇ ದೂರುವುದು ವಾಡಿಕೆ. ನಮ್ಮ ಮನೆಗಳ ವಿದ್ಯುತ್ತು ಸೆಕೆಂಡಿಗೆ 50 ಬಾರಿ ತುಯ್ಯುತ್ತದೆ. ಒಂಟಿ ಸುರುಳಿಯ ಪಿಕಪ್ಪು ಅದನ್ನು ಗಾಳಿಯಿಂದಲೇ ಹೀರಿಕೊಳ್ಳುತ್ತದೆ, ಓವರ್‌ಡ್ರೈವ್ ಅದನ್ನು ನೂರ್ಮಡಿ ಹಿಗ್ಗಿಸುತ್ತದೆ. ಗಿಟಾರನ್ನು ಹಿಡಿದು ಕೋಣೆಯಲ್ಲಿ ಬೇರೆ ದಿಕ್ಕಿಗೆ ತಿರುಗಿ ನಿಂತಾಗ ಸದ್ದು ಕಡಿಮೆಯಾದರೆ ತಪ್ಪು ಪೆಡಲಿನದಲ್ಲ. ಆದರೆ ಸದ್ದು ಅಡಗಲಿ ಎಂದು ಆಂಪ್ಲಿಫೈಯರಿನ ಮೂರು ಮುಳ್ಳಿನ ಪ್ಲಗ್ಗಿನಿಂದ ಭೂಸಂಪರ್ಕದ ಮುಳ್ಳನ್ನು ಕಿತ್ತುಹಾಕುವ ಒಂದು ಅನಾಹುತಕಾರಿ ಪರಿಪಾಠವಿದೆ. ಗಿಟಾರಿನ ತಂತಿಗಳು ಆಂಪ್ಲಿಫೈಯರಿನ ಮೈಗೆ ಸಂಬಂಧಪಟ್ಟಿರುತ್ತವೆ. ಭೂಸಂಪರ್ಕವಿಲ್ಲದ ಆಂಪ್ಲಿಫೈಯರಿನಲ್ಲಿ ದೋಷ ಕಾಣಿಸಿಕೊಂಡ ದಿನ, ಒಂದು ಕೈ ತಂತಿಯ ಮೇಲಿದ್ದು ತುಟಿ ಮೈಕಿಗೆ ತಾಗಿದರೆ ಪ್ರಾಣಕ್ಕೇ ಸಂಚಕಾರ. ಮಕ್ಕಳ ಕೋಣೆಯಲ್ಲಿ ಬೇರೇನನ್ನು ನೋಡದಿದ್ದರೂ ತಂದೆತಾಯಿಯರು ಆ ಮೂರನೆಯ ಮುಳ್ಳು ಇದೆಯೇ, ಗೋಡೆಯ ಸಾಕೆಟ್ಟಿನಲ್ಲಿ ಅರ್ಥಿಂಗ್ ಸರಿಯಾಗಿದೆಯೇ ಎಂದು ಎಲೆಕ್ಟ್ರೀಷಿಯನ್ನನಿಂದ ಒಮ್ಮೆ ನೋಡಿಸಬೇಕು.

ಕೈಬದಲಾದ ಪೆಡಲನ್ನು ಕೊಳ್ಳಲು ಹಿಂಜರಿಯಬೇಕಾಗಿಲ್ಲ. ಗಟ್ಟಿ ಲೋಹದ ಹಳೆಯ ಪೆಡಲು ಹೊಸ ಪ್ಲಾಸ್ಟಿಕ್ಕಿಗಿಂತ ಹೆಚ್ಚು ಕಾಲ ಬಾಳುತ್ತದೆ. ಬ್ಯಾಟರಿಯ ಮುಚ್ಚಳ ತೆಗೆದು ಅಲ್ಲಿ ಬಿಳಿಯ ಹುಡಿ ಕಟ್ಟಿದೆಯೇ ನೋಡಿ. ಹಾಗಿದ್ದರೆ ಬ್ಯಾಟರಿ ಸೋರಿ ಒಳಗನ್ನು ತಿಂದಿರುತ್ತದೆ. ತಿರುಪು ತಿರುಗಿಸುವಾಗ ಬರುವ ಗರಗರ ಸದ್ದನ್ನು ರೇಡಿಯೋ ರಿಪೇರಿಯವನು ಸ್ವಲ್ಪ ದ್ರಾವಣ ಸಿಂಪಡಿಸಿ ಹೋಗಲಾಡಿಸಬಲ್ಲ, ಅದಕ್ಕೆ ಅಂಜಬೇಡಿ, ಬೆಲೆಯಲ್ಲಿ ಚೌಕಾಸಿ ಮಾಡಲು ಅದೊಂದು ಆಧಾರ. ತಂತು ಸೇರಿಸುವ ರಂಧ್ರ ಅಲುಗಾಡುತ್ತಿದ್ದರೆ ಮಾತ್ರ ಎರಡು ಸಲ ಯೋಚಿಸಿ. ಕೊಂಡು ಮನೆಗೆ ತಂದ ಮೇಲೆ ನೆನಪಿಡಬೇಕಾದ ಒಂದು ಸಣ್ಣ ವಿಚಾರವಿದೆ. ಪೆಡಲಿನಲ್ಲಿ ಆನ್-ಆಫ್ ಎಂಬ ಬೇರೆ ಸ್ವಿಚ್ಚಿಲ್ಲ. ಗಿಟಾರಿನ ತಂತುವನ್ನು ಬಲಗಡೆಯ ರಂಧ್ರಕ್ಕೆ ಚುಚ್ಚಿದೊಡನೆ ಬ್ಯಾಟರಿ ಹರಿಯತೊಡಗುತ್ತದೆ, ದೀಪ ಆರಿದ್ದರೂ ಸರಿ. ನುಡಿಸುವುದು ಮುಗಿದೊಡನೆ ಆ ತಂತುವನ್ನು ಕಿತ್ತಿಡದಿದ್ದರೆ ಮರುದಿನ ಬೆಳಗಿನ ಅಭ್ಯಾಸಕ್ಕೆ ಹೊಸ ಬ್ಯಾಟರಿ ತರಬೇಕಾದೀತು.